ನಿಲ್ಲದ ಗಿರಕಿ, ತುಂಬಿದ ಲೋಟ

ಉದ್ಯಾನದ ಮೂಲೆಯಲ್ಲಿ, ಬಾತುಕೋಳಿ ಕೊಳದ ಪಕ್ಕ, ಮರದ ಕುದುರೆಗಳು ಸುತ್ತುವ ಮೆರ್ರಿ-ಗೋ-ರೌಂಡ್ ಒಂದಿದೆ. ಅಷ್ಟುದ್ದದ ಹೆಸರನ್ನು ಯಾರು ಹೇಳುತ್ತಾ ಕೂರುತ್ತಾರೆ? ಎಲ್ಲರಿಗೂ ಅದು ಗಿರಕಿ. ಗಿರಕಿಯ ಟಿಕೆಟ್ ಕಿಟಕಿಯ ಹಿಂದೆ ಕೂರುವ ಹೆಂಗಸು ಎಲ್ಲರಿಗೂ ಅತ್ತೆ. ನಿಜವಾಗಿ ನೋಡಿದರೆ ಅವಳು ಅತ್ತೆಯಾಗಬೇಕಾದ್ದು ಒಬ್ಬಳಿಗೆ ಮಾತ್ರ, ಅಣ್ಣನ ಮಗಳು ಪುಟ್ಟಿಗೆ. ಆದರೆ ಪುಟ್ಟಿ ಚಿಕ್ಕವಳಿದ್ದಾಗ ದಿನವಿಡೀ ಕಿಟಕಿಗೆ ಜೋತುಬಿದ್ದು ಅತ್ತೆ ಅತ್ತೆ ಎಂದು ಕೂಗಿ ಕೂಗಿ, ಸಾಲಿನಲ್ಲಿ ನಿಂತ ಮಕ್ಕಳು, ಮಕ್ಕಳ ಅಪ್ಪ ಅಮ್ಮಂದಿರು, ಕೊನೆಗೆ ಉದ್ಯಾನದ ತೋಟಗಾರ ಕೂಡ ಅದನ್ನೇ ಹಿಡಿದುಕೊಂಡರು. ತನಗಿಂತ ವಯಸ್ಸಾದ ತೋಟಗಾರ ಹಲ್ಲಿಲ್ಲದ ಬಾಯಲ್ಲಿ ಅತ್ತೆ ಎಂದು ಕರೆದಾಗ ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಅಭ್ಯಾಸವಾಗಿದೆ.

ಈ ಅತ್ತೆಯ ವಿಷಯ ಹೇಳಬೇಕೆಂದರೆ ಅವಳ ಗಂಟಲಿನಿಂದಲೇ ಶುರುಮಾಡಬೇಕು. ಗಿರಕಿಯ ಹಾಡು, ಮಕ್ಕಳ ಗಲಾಟೆ, ಬಾತುಗಳ ಜಗಳ ಎಲ್ಲದರ ಮೇಲೂ ಕೇಳಿಸುವ ಗಂಟಲು ಅದು. ನಗಲು ಶುರುಮಾಡಿದಳೆಂದರೆ ಕಿಟಕಿಯ ಗಾಜು ಅದುರುತ್ತದೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ಗಿರಕಿ ಬಿಟ್ಟು ಬರೋಕೆ ಪುರುಸೊತ್ತೇ ಆಗಲಿಲ್ಲ ಎಂದು ಹೇಳಿ ಇನ್ನೊಂದು ಸಲ ಗಾಜು ಅದುರಿಸುತ್ತಾಳೆ. ಅತ್ತಿಗೆ, ಪುಟ್ಟಿಯ ಅಮ್ಮ, ತೀರಿಕೊಂಡಾಗ ಪುಟ್ಟಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಆ ಮಗುವಿನ ತಲೆ ಬಾಚಿದ್ದು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡಿದ್ದು, ಗಿರಕಿಯ ಬಿಳಿ ಕುದುರೆಯ ಮೇಲೆ ಕೂರಿಸಿ ಮಗ್ಗಿ ಬಾಯಿಪಾಠ ಮಾಡಿಸಿದ್ದು ಎಲ್ಲ ಅತ್ತೆಯೇ. ಏಳರ ಮಗ್ಗಿ ಮುಗಿಯುವಷ್ಟರಲ್ಲಿ ಇಬ್ಬರಿಗೂ ತಲೆ ಸುತ್ತುತ್ತಿತ್ತು.

ಗಿರಕಿಯನ್ನು ತಿರುಗಿಸುವವನು ಅಣ್ಣ. ಅವನು ಮೋಟಾರ್ ಮೆಕ್ಯಾನಿಕ್. ಹಳೆಯ ಸ್ವಿಚ್ಚಿನ ಪೆಟ್ಟಿಗೆ ಸುಟ್ಟು ಕರಕಲಾದ ವರ್ಷ, ಅಂಥದ್ದು ಇನ್ನು ಎಲ್ಲೂ ಸಿಗುವುದಿಲ್ಲವೆಂದು ಗೊತ್ತಾದಾಗ, ಅವನು ಒಂದು ಪುಟ್ಟ ಕಂಪ್ಯೂಟರ್ ತಂದು, ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ತನಗೆ ತಾನೇ ಕಲಿತು, ಮೋಟಾರು, ದೀಪ, ಹಾಡು ಮೂರನ್ನೂ ಅದರ ಕೈಗೆ ಒಪ್ಪಿಸಿದ. ಪಕ್ಕದಲ್ಲಿ ಕೂತು ಅತ್ತೆಯೂ ಕಲಿತಳು. ಕಲಿತದ್ದು ಅರೆಬರೆ, ಆದರೆ ಖುಷಿಯಿಂದ. ತಾನು ಒಂದು ಸಾಲು ಬರೆದರೆ ಅಲ್ಲೆಲ್ಲೋ ಕುದುರೆಯ ತಲೆಯ ಮೇಲೆ ಹಳದಿ ದೀಪ ಹತ್ತುತ್ತದೆ ಎನ್ನುವುದು ಅವಳಿಗೆ ಇವತ್ತಿಗೂ ಮಹಾ ತಮಾಷೆಯ ಸಂಗತಿ.

ಇಂಥ ಪ್ರೋಗ್ರಾಮನ್ನು ಒಂದೇ ಉದ್ದಕ್ಕೆ ಬರೆದುಕೊಂಡು ಹೋಗುವುದಿಲ್ಲ. ಮೋಟಾರಿಗೆ ಒಂದು ಫೈಲು, ದೀಪಕ್ಕೊಂದು, ಹಾಡಿಗೊಂದು. ಒಂದೊಂದನ್ನೂ ಮಾಡ್ಯೂಲ್ ಎನ್ನುತ್ತಾರೆ. ಒಂದರಲ್ಲಿ ಇರುವ ಕೆಲಸ ಇನ್ನೊಂದಕ್ಕೆ ಬೇಕಾದರೆ ಕೇಳಿ ತರಿಸಿಕೊಳ್ಳಬೇಕು. ಹೇಗೆ ಕೇಳಬೇಕು, ಹೇಗೆ ಕೊಡಬೇಕು ಎನ್ನುವುದಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಒಂದಲ್ಲ, ಎರಡು ಪದ್ಧತಿಗಳಿವೆ. ಆ ಮನೆಯಲ್ಲಿ ಜಗಳದ ಬೆಂಕಿ ಹೊತ್ತಿದ್ದು ಅಲ್ಲೇ ನೋಡಿ.

ಅಣ್ಣನದು ಹಳೆಯ ಪದ್ಧತಿ, ರಿಕ್ವೈರ್ ಎನ್ನುತ್ತಾರೆ. ಕೊಡುವವನು ತನ್ನ ಸಾಮಾನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಕೊಡುತ್ತಾನೆ. ಬೇಕಾದವನು ಬೇಕಾದ ಗಳಿಗೆಯಲ್ಲಿ, ಕೆಲಸದ ಮಧ್ಯೆಯೇ ಕೇಳುತ್ತಾನೆ, ಪೆಟ್ಟಿಗೆ ಕೈಗೆ ಬರುವ ತನಕ ಮುಂದಿನ ಹೆಜ್ಜೆ ಇಡುವುದಿಲ್ಲ. ಅಣ್ಣ ಅಡುಗೆ ಮಾಡುವುದೂ ಹಾಗೆಯೇ. ಬಾಣಲೆ ಹೊಗೆಯಾಡುತ್ತಿರುವಾಗ ಉಪ್ಪೆಲ್ಲಿ ಎಂದು ಕೈ ಚಾಚಿ ನಿಲ್ಲುತ್ತಾನೆ. ಪುಟ್ಟಿಯದು ಹೊಸ ಪದ್ಧತಿ, ಇಂಪೋರ್ಟ್ ಮತ್ತು ಎಕ್ಸ್‌ಪೋರ್ಟ್. ಕೊಡುವವರು ಒಂದೊಂದಕ್ಕೂ ಹೆಸರಿಟ್ಟು ಕೊಡಬೇಕು, ಕೇಳುವವರು ಏನೇನು ಬೇಕೆಂದು ಫೈಲಿನ ತಲೆಯಲ್ಲೇ ಬರೆದಿಡಬೇಕು, ಎಲ್ಲ ಒದಗಿದ ಮೇಲೆಯೇ ಕೆಲಸ ಶುರು. ಅವಳು ಒಲೆ ಹಚ್ಚುವ ಮೊದಲು ಉಪ್ಪಿನಿಂದ ಹಿಡಿದು ಕೈ ಒರೆಸುವ ಬಟ್ಟೆಯವರೆಗೆ ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಕೊಳ್ಳುವವಳು. ಇವರಿಬ್ಬರೂ ಒಂದೇ ಅಡುಗೆಮನೆಯಲ್ಲಿ ಇರುವಾಗ ಅತ್ತೆ ಹಿತ್ತಲಿಗೆ ಕಂಬಿ ಕೀಳುತ್ತಿದ್ದಳು.

ಪುಟ್ಟಿ ಕಾಲೇಜಿನಲ್ಲಿ ಇದನ್ನೇ ಕಲಿತು ಬಂದವಳು, ಬಂದ ವಾರದಲ್ಲೇ ಅಪ್ಪನ ಫೈಲುಗಳನ್ನು ನೋಡಿ, ಇದನ್ನೆಲ್ಲ ಈಗ ಯಾರೂ ಹೀಗೆ ಬರೆಯಲ್ಲ ಅಂದುಬಿಟ್ಟಳು. ಯಾರೂ ಬರೆಯದಿದ್ದರೂ ಗಿರಕಿ ತಿರುಗುತ್ತಿದೆಯಲ್ಲ ಎಂದ ಅಪ್ಪ. ಅವಳು ಏನೋ ಅಂದಳು, ಇವನು ಇನ್ನೇನೋ ಅಂದ. ಕೊನೆಗೆ ಮಾತು ಕುದುರೆ, ಮೋಟಾರು ಎಲ್ಲ ದಾಟಿ ಅವಳು ಚಿಕ್ಕವಳಿದ್ದಾಗ ಮುರಿದ ಛತ್ರಿಯವರೆಗೂ ಹೋಯಿತು. ಅವತ್ತಿನಿಂದ ಅಪ್ಪ ಮಗಳದ್ದು ಎಣ್ಣೆ ಸೀಗೆಕಾಯಿ ಸಂಬಂಧ. ಒಂದೇ ಮನೆ, ಒಂದೇ ಊಟದ ಮೇಜು, ಮಾತು ಮಾತ್ರ ಅತ್ತೆಯ ಮೂಲಕ. ಮಗಳಿಗೆ ನೀರಿನ ಜಗ್ಗು ಕೊಡಲು ಹೇಳು ಎಂದು, ಮಗಳ ಮೊಣಕೈಯ ಪಕ್ಕದಲ್ಲೇ ಇದ್ದ ಜಗ್ಗನ್ನು ನೋಡುತ್ತಾ, ಅಪ್ಪ ಅತ್ತೆಗೆ ಹೇಳುವನು. ಇಷ್ಟು ವಯಸ್ಸಾದ ಮೇಲೆ ಇಬ್ಬರಿಗೂ ನಾಚಿಕೆ ಬೇಡವೇ?

ಅತ್ತೆ ಈ ಉದ್ಯೋಗವನ್ನು ಮನಸಾರೆ ಮಾಡಿದಳು. ಬೇರೆಯವರು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಉಪ್ಪು ಖಾರ ಹಚ್ಚುತ್ತಾರೆ. ಅತ್ತೆ ಇದ್ದ ಉಪ್ಪು ಖಾರವನ್ನೂ ತೊಳೆದು, ಸಕ್ಕರೆ ಉದುರಿಸಿ ಮುಟ್ಟಿಸುತ್ತಿದ್ದಳು. ಒಂದು ದಿನ ಮಗಳು ಬರೆದ ದೀಪದ ಫೈಲನ್ನು ನೋಡಿದ ಅಣ್ಣ, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಹೆಸರುಗಳ ಮೆರವಣಿಗೆ ಯಾಕೆ ಅಂತ ಕೇಳು ಅವಳನ್ನ ಎಂದ. ಅದೇ ಹೊತ್ತಿಗೆ ಪುಟ್ಟಿ ಒಳಕೋಣೆಯಲ್ಲಿ ಬಟ್ಟೆಬರೆ ಚೀಲಕ್ಕೆ ತುರುಕುತ್ತಿದ್ದಳು, ಗೆಳತಿಯ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದು ಮುಖ ಊದಿಸಿಕೊಂಡು. ಅತ್ತೆ ಬಾಗಿಲಲ್ಲಿ ನಿಂತು, ನಿನ್ನ ಕೆಲಸ ಅಚ್ಚುಕಟ್ಟು ಅಂತಿದ್ದ ನಿಮ್ಮಪ್ಪ ಅಂದಳು. ಪುಟ್ಟಿ ಚೀಲದ ಮುಂದೆ ಕೂತಳು. ಆಮೇಲೆ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮತ್ತೆ ಕಪಾಟಿಗೆ ಜೋಡಿಸಿದಳು.

ಮನೆಯಲ್ಲಿ ಮಾಡುತ್ತಿದ್ದುದನ್ನೇ ಅತ್ತೆ ಪ್ರೋಗ್ರಾಮಿನಲ್ಲೂ ಮಾಡಿದಳು. ಅಣ್ಣನ ಫೈಲುಗಳಿಗೂ ಪುಟ್ಟಿಯ ಫೈಲುಗಳಿಗೂ ನೇರ ಹೊಂದುವುದಿಲ್ಲವಲ್ಲ, ಹಾಗಾಗಿ ನಡುವೆ ಒಂದು ಫೈಲು ಬರೆದು ಅದಕ್ಕೆ ನಡುಮನೆ ಎಂದು ಹೆಸರಿಟ್ಟಳು. ಪುಟ್ಟಿ ಹೆಸರು ಹೆಸರಾಗಿ ಕಳಿಸಿದ್ದನ್ನು ನಡುಮನೆ ತೆಗೆದುಕೊಳ್ಳುತ್ತದೆ, ಪೆಟ್ಟಿಗೆಗೆ ತುಂಬಿ ಅಣ್ಣನ ಕಡೆಗೆ ದಾಟಿಸುತ್ತದೆ. ಒಳ್ಳೆಯ ಕೆಲಸವೇ. ಆದರೆ ಅದರಲ್ಲೊಂದು ಕಿತಾಪತಿ ಇತ್ತು. ಕೇಳಿದ ಹೆಸರು ಸಿಗದಿದ್ದರೆ ಕಂಪ್ಯೂಟರ್ ಕೆಂಪಕ್ಷರದಲ್ಲಿ ದೊಡ್ಡದಾಗಿ ದೂರು ಬರೆದು ನಿಂತುಬಿಡುತ್ತದೆ. ಆ ಕೆಂಪಕ್ಷರ ಅಣ್ಣನ ಕಣ್ಣಿಗೆ ಬಿದ್ದರೆ ಮುಗಿಯಿತು, ನೋಡು ನಿನ್ನ ಸೊಸೆಯ ಹೊಸ ಪದ್ಧತಿ ಎಂದು ಸಂಜೆಯವರೆಗೂ ರಾಗ. ಅದಕ್ಕೇ ಅತ್ತೆ ಒಂದು ಸಾಲು ಸೇರಿಸಿದ್ದಳು: ಕೇಳಿದ್ದು ಸಿಗದಿದ್ದರೆ, ಅದರ ಬದಲು ಏನೂ ಮಾಡದ ಖಾಲಿ ಕೆಲಸವೊಂದನ್ನು ಕೊಡು, ಅದು ಆಯ್ತು ಎಂದಷ್ಟೇ ಹೇಳಲಿ. ಕೆಂಪಕ್ಷರ ನಿಂತುಹೋಯಿತು. ಮನೆಯಲ್ಲಿ ಶಾಂತಿ ನೆಲೆಸಿತು ಎಂದು ಅವಳು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಅಷ್ಟರಲ್ಲಿ ನಗರಸಭೆಯಿಂದ ಹೊಸ ನಿಯಮ ಬಂತು. ಇಂಥ ಸುತ್ತುವ ಆಟಗಳೆಲ್ಲ ನಿಲ್ಲಿಸು ಎಂದಾಗ ಜರ್ಕು ಹೊಡೆಯದೆ ಮೆಲ್ಲನೆ ನಿಲ್ಲಬೇಕು. ತಪಾಸಣೆಯವರು ಬಂದು ನೋಡಿ ಕಂಬಕ್ಕೆ ಮುದ್ರೆ ಅಂಟಿಸಬೇಕು. ಮುದ್ರೆ ಸಿಗದ ಆಟವನ್ನು ಬಿಚ್ಚಿ ಸಾಗಿಸಿ, ಆ ಜಾಗದಲ್ಲಿ ಕಲ್ಲುಬೆಂಚು ಹಾಕುತ್ತಾರಂತೆ. ಕುದುರೆಗಳು ಹೋಗುತ್ತವೆ ಎನ್ನುವುದು ಅತ್ತೆಗೆ ಒಂದು ಸಂಕಟ. ಅದಕ್ಕಿಂತ ದೊಡ್ಡದು ಅವಳೊಬ್ಬಳಿಗೇ ಗೊತ್ತಿತ್ತು. ಅಪ್ಪ ಮಗಳು ದಿನಾ ಬೆಳಿಗ್ಗೆ ಒಂದೇ ಕಡೆಗೆ ಹೊರಡುತ್ತಾರೆಂದರೆ ಅದು ಗಿರಕಿಯ ದೆಸೆಯಿಂದ. ಗಿರಕಿ ಹೋದರೆ ಅವನೊಂದು ದಿಕ್ಕು, ಇವಳೊಂದು ದಿಕ್ಕು. ಮನೆಯಲ್ಲಿ ಉಳಿಯುವುದು ತಾನು ಮತ್ತು ನೀರಿನ ಜಗ್ಗು.

ಮೆಲ್ಲನೆ ನಿಲ್ಲಿಸುವ ಭಾಗವನ್ನು ಪುಟ್ಟಿ ಬರೆದಳು. ವೇಗವನ್ನು ಎಷ್ಟೆಷ್ಟು ಹೊತ್ತಿಗೆ ಎಷ್ಟೆಷ್ಟು ಇಳಿಸಬೇಕೆಂದು ದಿನಗಟ್ಟಲೆ ತಲೆ ಕೆಡಿಸಿಕೊಂಡು, ಒದ್ದಾಡಿ, ಕೊನೆಗೆ ನಿಜಕ್ಕೂ ಚೆಂದವಾಗಿ ಬರೆದಳು. ಮೊದಲ ಸಲ ಮೂವರೂ ಸೇರಿ ಓಡಿಸಿ ನೋಡಿದಾಗ ಗಿರಕಿ ಬೆಣ್ಣೆಯಂತೆ ನಿಂತಿತು. ಅಣ್ಣ ಮೀಸೆ ತಿರುವಿದ. ಆಮೇಲೆ, ತಪಾಸಣೆಗೆ ಹಿಂದಿನ ದಿನ, ಪುಟ್ಟಿಗೆ ಏನನ್ನಿಸಿತೋ, ಬಿಡಿಬಿಡಿಯಾಗಿ ಹೆಸರಿಟ್ಟು ಕಳಿಸುತ್ತಿದ್ದುದನ್ನೆಲ್ಲ ಒಟ್ಟುಮಾಡಿ ಒಂದೇ ಪೆಟ್ಟಿಗೆಗೆ ಹಾಕಿದಳು. ಯಾರ ಮುಂದೆಯೂ ತುಟಿಪಿಟಕ್ಕೆನ್ನಲಿಲ್ಲ. ತಪಾಸಣೆಯ ದಿನ ಬೆಳಿಗ್ಗೆ ಅಣ್ಣ ಮೋಟಾರು ಆರಿಸಿ ಗ್ರೀಸ್ ಹಚ್ಚುತ್ತಿದ್ದ. ಅತ್ತೆ ಕಂಪ್ಯೂಟರಿನಲ್ಲಿ ಬರೀ ಪ್ರೋಗ್ರಾಮನ್ನು ಒಂದು ಸಲ ಓಡಿಸಿದಳು. ನಿಲ್ಲಿಸು ಎಂದಾಗ ಪರದೆ ಆಯ್ತು ಎಂದಿತು. ಸರಿ, ಎಲ್ಲ ಸರಿ ಎಂದು ಕನ್ನಡಕ ಒರೆಸಿಕೊಂಡಳು.

ತಪಾಸಣೆಯ ಸಾಹೇಬರು ದಪ್ಪ ಆಳು, ಗಂಭೀರ ಮುಖ. ಅವರದೇ ಒಂದು ವಿಧಾನವಿತ್ತು. ಚೀಲದಿಂದ ಸ್ಟೀಲಿನ ಲೋಟವೊಂದನ್ನು ತೆಗೆದು, ಅಂಚಿನವರೆಗೆ ನೀರು ತುಂಬಿಸಿ, ಅದನ್ನು ಹಿಡಿದು ತಾವೇ ಸವಾರಿ ಮಾಡುವುದು. ಆಟ ನಿಲ್ಲುವಾಗ ನೀರು ಚೆಲ್ಲಿದರೆ ಜರ್ಕು ಇದೆ, ಮುದ್ರೆ ಇಲ್ಲ. ಇನ್ನೊಂದು ಮಾತನ್ನೂ ಅವರು ಮೊದಲೇ ಹೇಳಿದರು: ಗಿರಕಿಯ ನಡುವೆ ಇರುವ ಕೆಂಪು ಹಿಡಿಕೆಯನ್ನು ಎಳೆದು ನಿಲ್ಲಿಸಿದರೆ ಪರೀಕ್ಷೆ ಅಲ್ಲಿಗೆ ಫೇಲು. ಹಿಡಿಕೆ ಎಳೆದರೆ ಗಿರಕಿ ಗಕ್ಕನೆ ನಿಲ್ಲುತ್ತದೆ, ಅದು ಅಪಾಯದ ಹೊತ್ತಿಗೆ ಮಾತ್ರ. ಹೀಗೆಂದು ಸಾಹೇಬರು ಉಸಿರು ಬಿಗಿಹಿಡಿದು ಕಂದು ಕುದುರೆಯೊಂದನ್ನು ಹತ್ತಿದರು. ಸವಾರನ ಜೊತೆ ಕೆಲಸದವರೊಬ್ಬರು ಇರಬೇಕೆಂಬ ನಿಯಮಕ್ಕೆ ಪುಟ್ಟಿ ಕಂಬ ಹಿಡಿದು ಪಕ್ಕದಲ್ಲಿ ನಿಂತಳು. ಅಣ್ಣ ನಡುವೆ ಕನ್ನಡಿಗಳ ಸಂದಿನಲ್ಲಿ, ಮೋಟಾರಿನ ಹತ್ತಿರ. ಅತ್ತೆ ಟಿಕೆಟ್ ಕೋಣೆಯಲ್ಲಿ, ಪರದೆಯ ಮುಂದೆ.

ಹಾಡು ಶುರುವಾಯಿತು, ದೀಪಗಳು ಹತ್ತಿದವು, ಕುದುರೆಗಳು ಏರಿ ಇಳಿದವು. ಸಾಹೇಬರು ಲೋಟವನ್ನು ಎದೆಯ ಮುಂದೆ ಹಿಡಿದು ಒಂದು ಹನಿ ಅಲುಗದಂತೆ ಸುತ್ತಿದರು. ಹಾಡು ಮುಗಿಯಿತು. ಪರದೆ ಆಯ್ತು ಎಂದಿತು. ಗಿರಕಿ ಮಾತ್ರ ಸುತ್ತುತ್ತಲೇ ಇತ್ತು. ಹಾಡಿಗೆ ಇನ್ನೇನು ಮಾಡಬೇಕೆಂದು ತೋಚದೆ ಅದು ಮೊದಲಿಂದ ಶುರುವಾಯಿತು.

ಅತ್ತೆ ನಿಲ್ಲಿಸು ಎಂದು ಮತ್ತೆ ಒತ್ತಿದಳು. ಆಯ್ತು. ಇನ್ನೊಂದು ಸಲ. ಆಯ್ತು. ಇಷ್ಟು ವಿನಯದ ಕಂಪ್ಯೂಟರನ್ನು ಜಗತ್ತಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

ಸಾಹೇಬರು ಕಿಟಕಿಯ ಮುಂದೆ ಹಾದುಹೋಗುತ್ತಾ, "ಅಮ್ಮಾ, ಹಾಡು ಮುಗೀತಲ್ಲ, ಇನ್ನು" ಎಂದರು, ಅಷ್ಟರಲ್ಲಿ ಮರೆಯಾದರು. ಮುಂದಿನ ಸುತ್ತಿಗೆ, "ನಿಲ್ಲಿಸಬಹುದು ಅಂತ" ಎಂದರು. ಅದರ ಮುಂದಿನ ಸುತ್ತಿಗೆ, "ನನ್ನ ಅಭಿಪ್ರಾಯ" ಎಂದು ವಾಕ್ಯ ಮುಗಿಸಿದರು. ಗಾಂಭೀರ್ಯ ಮಾತ್ರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅತ್ತೆ ಅಭ್ಯಾಸಬಲದಿಂದ ಸಕ್ಕರೆ ಉದುರಿಸಿದಳು. ನಿಮ್ಮಂಥವರು ಬಂದಾಗ ಒಂದೆರಡು ಸುತ್ತು ಹೆಚ್ಚಿಗೆ ಹಾಕೋದು ಸರ್, ಮರ್ಯಾದೆಗೆ ಎಂದು ಕೂಗಿದಳು. ಸಾಹೇಬರು ಲೋಟದ ಮೇಲಿಂದಲೇ ತಲೆಬಾಗಿ ಮರ್ಯಾದೆ ಸ್ವೀಕರಿಸಿದರು. ಕೊಳದ ಬಾತುಗಳೆಲ್ಲ ದಡಕ್ಕೆ ಬಂದು ಸಾಲಾಗಿ ನಿಂತು ನೋಡುತ್ತಿದ್ದವು.

ಕನ್ನಡಿಗಳ ಸಂದಿನಿಂದ ಅಣ್ಣನ ಗದರಿಕೆ ಕೇಳಿಸಿತು, ಏನು ಕಳಿಸಿದಾಳೆ ಅಂತ ಕೇಳು ಅವಳನ್ನ ಎಂದು. ಹಾದುಹೋಗುತ್ತಿದ್ದ ಪುಟ್ಟಿ, ನಾನು ಕಳಿಸಿದ್ದು ಸರಿಯಾಗೇ ಇದೆ ಅಂತ ಅಪ್ಪನಿಗೆ ಹೇಳು ಎಂದಳು. ಅವರಿಬ್ಬರ ನಡುವೆ ಇದ್ದದ್ದು ಎರಡು ಮಾರು ಜಾಗ ಮತ್ತು ಒಂದು ಮರದ ಕುದುರೆ. ಅಣ್ಣನ ಒಂದು ಕೈ ಆಗಲೇ ಕೆಂಪು ಹಿಡಿಕೆಯ ಮೇಲಿತ್ತು. ಎಳೆದರೆ ಗಿರಕಿ ನಿಲ್ಲುತ್ತದೆ, ಅದರ ಜೊತೆ ಎಲ್ಲವೂ ಮುಗಿಯುತ್ತದೆ.

ಅತ್ತೆ ಎರಡೂ ಕಡೆಗೆ ಸಿಹಿಮಾತು ಕಟ್ಟಲು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಪರದೆಯ ಮೇಲೆ ಬಿತ್ತು, ಅಲ್ಲಿ ಆಯ್ತು ಆಯ್ತು ಆಯ್ತು ಎಂದು ಉದ್ದಕ್ಕೆ ಸಾಲುಗಟ್ಟಿತ್ತು. ಈ ಮಾತು ಪುಟ್ಟಿಯ ಫೈಲಿನದಲ್ಲ, ಅಣ್ಣನದೂ ಅಲ್ಲ. ಈ ಮಾತು ತನ್ನದು. ಪುಟ್ಟಿಯ ನಿಲ್ಲಿಸುವ ಕೆಲಸ ಎಲ್ಲೋ ಸಿಗದೇ ಹೋಗಿದೆ, ಸಿಗಲಿಲ್ಲ ಎಂದು ಹೇಳಬೇಕಾದ ಜಾಗದಲ್ಲಿ ತನ್ನ ಖಾಲಿ ಆಯ್ತು ಕೂತು ಹಲ್ಲು ಕಿರಿಯುತ್ತಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವಳು ಕೋಣೆಯ ಬಾಗಿಲಿಗೆ ಬಂದು, ಆ ಗಂಟಲನ್ನು ಪೂರ್ತಿ ಬಿಟ್ಟಳು.

"ತಪ್ಪು ನಿಮ್ಮಿಬ್ಬರದೂ ಅಲ್ಲ, ನಂದು. ಕೇಳಿದ್ದು ಸಿಗದೇ ಇದ್ರೂ ಆಯ್ತು ಅನ್ನು ಅಂತ ನಾನೇ ಬರೆದಿಟ್ಟಿದೀನಿ. ಇನ್ನು ನನ್ನ ಕೈಲಿ ಹೇಳಿಸಬೇಡಿ. ನೀವೇ ಮಾತಾಡ್ಕೊಳ್ಳಿ."

ಗಿರಕಿ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಅಣ್ಣ ಮಗಳ ಮುಖ ನೋಡದೆ, ಪಕ್ಕದ ಕುದುರೆಯ ಬಾಲವನ್ನು ನೋಡುತ್ತಾ ಕೇಳಿದ.

"ಯಾವ ಹೆಸರಲ್ಲಿ ಕಳಿಸಿದೀಯ?"

ಪುಟ್ಟಿ ಅಷ್ಟರಲ್ಲಿ ದಾಟಿಹೋಗಿದ್ದಳು. ಸುತ್ತಿ ಬಂದು ಹೇಳಿದಳು. "ಹೆಸರಿಲ್ಲ ಅಪ್ಪ. ಎಲ್ಲಾ ಒಂದೇ ಪೆಟ್ಟಿಗೇಲಿ ಹಾಕಿ, ಡೀಫಾಲ್ಟ್ ಅಂತ ಕಳಿಸಿದೀನಿ." ಮತ್ತೆ ಮರೆಯಾದಳು. ಮುಂದಿನ ಸುತ್ತಿಗೆ ಅವಳ ದನಿ ಸಣ್ಣಗಾಗಿತ್ತು. "ನಿನ್ನ ಥರಾನೇ ಇರಲಿ ಅಂತ."

ಅಣ್ಣನ ಕೈ ಕೆಂಪು ಹಿಡಿಕೆಯಿಂದ ತಾನಾಗಿ ಕೆಳಗಿಳಿಯಿತು. ಈ ಹಟಮಾರಿ, ಅಪ್ಪನಿಗೆ ಹೊಂದಲಿ ಎಂದು, ಒಂದು ಮಾತೂ ಹೇಳದೆ ತನ್ನ ಪದ್ಧತಿ ಬಿಟ್ಟುಕೊಟ್ಟಿದ್ದಾಳೆ. ಆದರೆ ಹೊಸ ಪದ್ಧತಿಯಲ್ಲಿ ಹೆಸರಿಲ್ಲದೆ ಕಳಿಸಿದ್ದು ಹಳೆಯ ಪದ್ಧತಿಯವನ ಕೈಗೆ ಹಾಗೇ ಬಂದು ಬೀಳುವುದಿಲ್ಲ. ಕಂಪ್ಯೂಟರ್ ಅದಕ್ಕೆ ಹೊರಗಿನಿಂದ ತನ್ನದೊಂದು ಪೆಟ್ಟಿಗೆ ಹಾಕಿ, ಅದರೊಳಗೆ, ಹೆಸರಿಲ್ಲದ್ದಕ್ಕೆ ಹಚ್ಚುವ ಡೀಫಾಲ್ಟ್ ಎಂಬ ಚೀಟಿ ಅಂಟಿಸಿ, ಈ ಪೆಟ್ಟಿಗೆಯನ್ನು ಇಡುತ್ತದೆ. ನಡುಮನೆ ಹೊರಗಿನ ಪೆಟ್ಟಿಗೆಯಲ್ಲಿ ಕೈಯಾಡಿಸಿ, ಇಲ್ಲಿ ನಿಲ್ಲಿಸು ಎನ್ನುವುದು ಇಲ್ಲವಲ್ಲ ಎಂದುಕೊಂಡು, ಸುಮ್ಮನೆ ಆಯ್ತು ಎಂದುಬಿಟ್ಟಿದೆ.

"ಪೆಟ್ಟಿಗೆ ಒಳಗೆ ಪೆಟ್ಟಿಗೆ ಇದೆ," ಅಣ್ಣ ತಂಗಿಗೆ ಹೇಳಿದ. "ಮೊದಲು ಡೀಫಾಲ್ಟ್ ಅಂತ ಬರಿ, ಆಮೇಲೆ ನಿಲ್ಲಿಸು ಅನ್ನು."

ಪ್ರೋಗ್ರಾಮು ಓಡುತ್ತಿರುವಾಗಲೇ ಅಪ್ಪಣೆ ಬರೆಯಲು ಅಣ್ಣ ಎಂದೋ ಪರದೆಯಲ್ಲೇ ಒಂದು ಕಿಟಕಿ ಮಾಡಿಟ್ಟಿದ್ದ. ಅತ್ತೆ ಅದನ್ನು ತೆರೆದು, ಒಳಪೆಟ್ಟಿಗೆಯ ಹೆಸರು ಬರೆದು, ಚುಕ್ಕೆಯಿಟ್ಟು, ನಿಲ್ಲಿಸು ಎಂದು ಬರೆದು ಒತ್ತಿದಳು. ಹಾಡು ತಗ್ಗಿತು. ಕುದುರೆಗಳು ಆಕಳಿಸುವಂತೆ ನಿಧಾನಕ್ಕೆ ಏರಿ, ನಿಧಾನಕ್ಕೆ ಇಳಿದವು. ಯಾವ ಗಳಿಗೆಯಲ್ಲಿ ನಿಂತಿತು ಎಂದು ಯಾರಿಗೂ ಗೊತ್ತಾಗದಂತೆ ಗಿರಕಿ ನಿಂತಿತು. ಮೂವರೂ ಓಡಿಹೋಗಿ ಸಾಹೇಬರ ಲೋಟದೊಳಗೆ ಇಣುಕಿದರು.

ಲೋಟ ಖಾಲಿ.

ಸಾಹೇಬರು ಕುದುರೆಯ ಕುತ್ತಿಗೆ ತಬ್ಬಿಕೊಂಡೇ ಗಂಟಲು ಸರಿಪಡಿಸಿಕೊಂಡರು. ಚೆಲ್ಲಿಲ್ಲ, ಬಾಯಾರಿತು, ಕುಡಿದುಬಿಟ್ಟೆ ಎಂದರು. ಹಾಗಾಗಿ ಪಾಸು ಎನ್ನಲೂ ಬರುವುದಿಲ್ಲ, ಫೇಲು ಎನ್ನಲೂ ಬರುವುದಿಲ್ಲ, ಪರೀಕ್ಷೆ ಇನ್ನೊಮ್ಮೆ ಆಗಬೇಕು ಎಂದು ತೀರ್ಪು ಕೊಟ್ಟು ಇಳಿಯಲು ಹೋದವರು, ನೋಡಲು ಬಂದಿದ್ದ ತೋಟಗಾರನ ತೋಳಿಗೆ ಬಿದ್ದರು. ಅವರನ್ನು ಬೆಂಚಿನ ಮೇಲೆ ಕೂರಿಸಿದರೂ ಅವರ ತಲೆ ಇನ್ನೂ ಗಿರಕಿಯ ಲೆಕ್ಕದಲ್ಲೇ ಸಣ್ಣಗೆ ತಿರುಗುತ್ತಿತ್ತು. ಸಾಹೇಬರು ಸುಧಾರಿಸಿಕೊಳ್ಳುವಷ್ಟು ಹೊತ್ತು ಇವರಿಗೆ ಸಿಕ್ಕಿತು.

ಟಿಕೆಟ್ ಕೋಣೆಯಲ್ಲಿ ಇರುವುದು ಎರಡೇ ಕುರ್ಚಿ. ಅಣ್ಣ ಒಂದರಲ್ಲಿ, ಪುಟ್ಟಿ ಇನ್ನೊಂದರಲ್ಲಿ ಕೂತರು. ಅತ್ತೆ ಹಿಂದೆ ನಿಂತು, ಮೊದಲು ನನ್ನ ಆ ಸಾಲನ್ನು ತೆಗೀರಿ ಎಂದು ಪಟ್ಟುಹಿಡಿದಳು. ಸಿಗದಿದ್ದರೆ ಸಿಗಲಿಲ್ಲ ಅಂತ ಕಿರುಚಲಿ, ಕೆಂಪಕ್ಷರದಲ್ಲೇ ಕಿರುಚಲಿ ಎಂದಳು. ತೆಗೆದರು. ಆಮೇಲೆ ನಡುಮನೆ ಒಳಪೆಟ್ಟಿಗೆಯನ್ನು ತೆರೆಯುವಂತೆ ಪುಟ್ಟಿ ತಿದ್ದಿದಳು. ಅಲ್ಲೇ ಅಪ್ಪನ ಮೋಟಾರಿನ ಫೈಲನ್ನೂ ತೆರೆದವಳು ಕಣ್ಣು ಕಣ್ಣು ಬಿಟ್ಟಳು. ಕೆಲಸದ ಮಧ್ಯೆ ಮಧ್ಯೆ ಚದುರಿರುತ್ತಿದ್ದ ಅಪ್ಪನ ರಿಕ್ವೈರುಗಳೆಲ್ಲ ಒಂದೂ ಬಿಡದ ಹಾಗೆ ಫೈಲಿನ ತಲೆಯಲ್ಲಿ ಸಾಲಾಗಿ ಕೂತಿದ್ದವು, ಅವಳು ಕಟ್ಟೆಯ ಮೇಲೆ ಉಪ್ಪು, ಎಣ್ಣೆ, ಬಟ್ಟೆ ಜೋಡಿಸುವ ಹಾಗೆ. ಇದು ಯಾವಾಗ ಮಾಡಿದ್ದು ಎಂದು ಅವಳು ಕೇಳಿದಳು. ಅಣ್ಣ ಕೈಯಲ್ಲಿದ್ದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, ಸುಮ್ನೆ ಹಾಗೆ, ಓದೋಕೆ ಸಲೀಸು ಎಂದು ಗೊಣಗಿದ. ಆಮೇಲೆ ಇಬ್ಬರಿಗೂ ಚುಕ್ಕೆ ಎಲ್ಲಿಡಬೇಕು ಎನ್ನುವುದರ ಮೇಲೆ ಜೋರು ಜಗಳವೇ ಆಯಿತು. ಎಷ್ಟು ತಿಂಗಳ ಮೇಲೆ ನೇರ ಜಗಳ! ಅತ್ತೆ ಮೂಗು ಒರೆಸಿಕೊಂಡು ಹೊರಗೆ ಹೋದಳು.

ಸಾಹೇಬರು ಎದ್ದು ನಿಂತರೆ ಉದ್ಯಾನವೇ ಸುತ್ತುತ್ತಿತ್ತು, ಹಾಗಾಗಿ ಲೋಟ ಹಿಡಿಯುವುದು ಅವರ ಕೈಲಾಗದ ಮಾತು. ಅತ್ತೆ ತಾನೇ ಹಿಡಿಯುತ್ತೇನೆಂದಳು. ನಿಯಮದಲ್ಲಿ ಅಡ್ಡಿಯಿರಲಿಲ್ಲ. ತೋಟಗಾರನನ್ನು ಕೆಂಪು ಹಿಡಿಕೆಯ ಹತ್ತಿರ ನಿಲ್ಲಿಸಿದರು, ಕಿರುಚಿದರೆ ಮಾತ್ರ ಎಳಿ ಎಂದು ಹೇಳಿ. ಅತ್ತೆ ಅಂಚಿನವರೆಗೆ ನೀರು ತುಂಬಿದ ಲೋಟ ಹಿಡಿದು ಬಿಳಿ ಕುದುರೆಯ ಮೇಲೆ ಕೂತಳು. ಗಿರಕಿಯೇ ಬದುಕಾದವಳು, ಟಿಕೆಟ್ ಕೊಡುವ ಕೈ ಖಾಲಿಯಿಲ್ಲವೆಂದು ಎಷ್ಟೋ ವರ್ಷಗಳಿಂದ ಕುದುರೆ ಹತ್ತಿರಲಿಲ್ಲ. ಗಿರಕಿ ಹೊರಟಾಗ ಹೊಟ್ಟೆಯಲ್ಲಿ ಕಚಗುಳಿಯಿಟ್ಟಂತಾಯಿತು. ನಗು ಬಂದರೆ ನೀರು ಚೆಲ್ಲುತ್ತದೆ ಎಂದು ತುಟಿ ಕಚ್ಚಿ ಹಿಡಿದಳು. ಮರ, ಕೊಳ, ಬಾತು, ಬೆಂಚು, ಬೆಂಚಿನ ಮೇಲೆ ಸಾಹೇಬರು, ಕಿಟಕಿ, ಮತ್ತೆ ಮರ.

ಎರಡನೆಯ ಸಲ ಕಿಟಕಿಯ ಮುಂದೆ ಬಂದಾಗ ಪುಟ್ಟಿ ಹೊರಗೆ ಬಗ್ಗಿದ್ದಳು.

"ಅತ್ತೆ, ಒಂದು ಕೇಳ್ತೀನಿ. ನನ್ನ ಕೆಲಸ ಅಚ್ಚುಕಟ್ಟು ಅಂತ ಅಪ್ಪ ಅಂದ ಅಂದಿದ್ಯಲ್ಲ ಅವತ್ತು. ಅದು ಅಪ್ಪ ಹೇಳಿದ್ದಾ, ಅಥವಾ ಅದೂ ನಿನ್ನ ಈ ಖಾಲಿ ಕೆಲಸದ ಥರದ್ದಾ?"

ಕುದುರೆ ಅವಳನ್ನು ಹೊತ್ತು ಮುಂದೆ ಹೋಯಿತು. ಉತ್ತರಕ್ಕೆ ಒಂದು ಸುತ್ತು ಸಮಯವಿತ್ತು. ಹೌದು, ಅಪ್ಪನೇ ಹೇಳಿದ್ದು ಎಂದರೆ ಯಾರ ಗಂಟೂ ಹೋಗುವುದಿಲ್ಲ. ಆ ಒಂದು ಮಾತಿನ ಮೇಲೆಯೇ ಪುಟ್ಟಿ ಚೀಲ ಬಿಚ್ಚಿದ್ದು, ಆ ಮಾತಿನ ಮೇಲೆಯೇ ಇಲ್ಲಿ ಉಳಿದದ್ದು. ಸಕ್ಕರೆ ನಾಲಿಗೆಯ ತುದಿಯಲ್ಲೇ ಇತ್ತು. ಮರ, ಕೊಳ, ಬಾತು. ಅತ್ತೆಗೆ ಪರದೆಯ ಮೇಲೆ ಸಾಲುಗಟ್ಟಿದ್ದ ಆ ಆಯ್ತುಗಳು ನೆನಪಾದವು. ಲೋಟದ ನೀರು ಅಂಚಿನಲ್ಲಿ ನಡುಗುತ್ತಿತ್ತು.

"ಇಲ್ಲ ಪುಟ್ಟಿ," ಎಂದಳು ಕಿಟಕಿ ಬಂದಾಗ. "ನಾನೇ ಕಟ್ಟಿ ಹೇಳಿದ್ದು."

ಪುಟ್ಟಿಯ ಮುಖ ಏನಾಯಿತೆಂದು ನೋಡುವ ಮೊದಲೇ ಕುದುರೆ ದಾಟಿತು. ಆ ಸುತ್ತಿನಷ್ಟು ಉದ್ದದ ಸುತ್ತು ಗಿರಕಿಯ ಆಯುಷ್ಯದಲ್ಲೇ ಇರಲಿಲ್ಲ. ಕನ್ನಡಿಗಳಲ್ಲಿ ತನ್ನದೇ ಮುಖ ಒಂದೊಂದರಲ್ಲೂ ಬಂದು ಬಂದು ಹೋಗುತ್ತಿತ್ತು. ಕಿಟಕಿ ಕಾಣಿಸಿದಾಗ ಪುಟ್ಟಿ ಕುರ್ಚಿಯಿಂದ ಎದ್ದು ನಿಂತಿದ್ದಳು, ಬಾಗಿಲ ಕಡೆ ತಿರುಗಿದ್ದಳು. ಅಣ್ಣ ಗ್ರೀಸಿನ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದಿದ್ದ.

"ಅವತ್ತು ನಾನು ಹೇಳಿರಲಿಲ್ಲ, ನಿಜ," ಎನ್ನುತ್ತಿದ್ದ ಅವನು. ಅಷ್ಟು ಕೇಳಿಸಿತು. ಕುದುರೆ ದಾಟಿತು. ಅತ್ತೆ ಕುತ್ತಿಗೆ ಹಿಂದಕ್ಕೆ ತಿರುಗಿಸಿದಳು, ಕತ್ತು ಉಳುಕುವಷ್ಟು ತಿರುಗಿಸಿದಳು, ಹಾಡಿನ ಗದ್ದಲದಲ್ಲಿ ಏನೂ ಕೇಳಲಿಲ್ಲ. ಹಾಡು ಇನ್ನೇನು ಮುಗಿಯುವುದರಲ್ಲಿತ್ತು. ಮರ, ಕೊಳ, ಬೆಂಚು. ಕಿಟಕಿ ಬಂತು.

"ಇವತ್ತು ಹೇಳ್ತಿದೀನಿ ಮಗಳೇ. ನಾನೇ ಹೇಳ್ತಿದೀನಿ. ನಿನ್ನ ಕೆಲಸ ಅಚ್ಚುಕಟ್ಟು."

ಹಾಡು ಮುಗಿಯಿತು. ಗಿರಕಿ ಉಸಿರು ಬಿಡುವಂತೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಬಿಳಿ ಕುದುರೆ ಏರಿದ್ದು ಇಳಿಯುತ್ತಾ ಇಳಿಯುತ್ತಾ ಹಾಗೇ ನಿಂತಿತು. ಸಾಹೇಬರು ಬೆಂಚು ಬಿಟ್ಟು, ಹಿಡಿಕೆ ಬಿಟ್ಟು ಓಡಿಬಂದ ತೋಟಗಾರನ ಹೆಗಲು ಹಿಡಿದುಕೊಂಡು ಓಲಾಡುತ್ತಾ ಬಂದು ಲೋಟಕ್ಕೆ ಮೂಗು ತಾಗುವಷ್ಟು ಬಗ್ಗಿದರು. ನೀರು ಅಂಚಿನವರೆಗೆ ಇತ್ತು, ಒಂದು ಹನಿಯೂ ಹೋಗಿರಲಿಲ್ಲ. ಸಾಹೇಬರು ಸರಿ ಎಂದು ತಲೆಯಾಡಿಸಿದರು. ಅಲ್ಲಿಯವರೆಗೂ ಉಸಿರು ಕಟ್ಟಿ ಕೂತಿದ್ದ ಅತ್ತೆ ಆಗ ಬಿಟ್ಟಳು ನೋಡಿ, ಅದು ಅಳುವೋ ನಗುವೋ ದೇವರೇ ಬಲ್ಲ, ಕಿಟಕಿಯ ಗಾಜು ಅದುರಿತು, ಬಾತುಗಳು ಕೊಳಕ್ಕೆ ಹಾರಿದವು, ಲೋಟದ ನೀರೆಲ್ಲ ಸಾಹೇಬರ ತಲೆಯ ಮೇಲೆ ಸುರಿಯಿತು.

ಸಾಹೇಬರು ಮುಖ ಒರೆಸಿಕೊಂಡು, "ನಿಂತ ಮೇಲೆ ಚೆಲ್ಲಿದ್ದು ಗಿರಕಿಯ ಲೆಕ್ಕಕ್ಕೆ ಬರಲ್ಲ" ಎಂದರು. ಒದ್ದೆ ಕೈಯಲ್ಲೇ ಕಂಬಕ್ಕೆ ಮುದ್ರೆ ಅಂಟಿಸಿದರು. ಅದು ಸ್ವಲ್ಪ ಸೊಟ್ಟಗೆ ಕೂತಿತು, ಇವತ್ತಿಗೂ ಹಾಗೇ ಇದೆ.

ಟಿಕೆಟ್ ಕೋಣೆಯಲ್ಲಿ ಅಪ್ಪ ಮಗಳ ಎರಡನೆಯ ಜಗಳ ಶುರುವಾಗಿತ್ತು. ಹಾಡಿನ ಫೈಲನ್ನು ಹಳೆಯ ಪದ್ಧತಿಯಲ್ಲೇ ಬಿಡಬೇಕೋ ಹೊಸದಕ್ಕೆ ತರಬೇಕೋ ಎಂದು ಒಬ್ಬರ ಮೇಲೊಬ್ಬರು ಏರುದನಿಯಲ್ಲಿ ಮಾತಾಡುತ್ತಿದ್ದರು, ನಡುವೆ ಪುಟ್ಟಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಣ್ಣ ಬಾಯಾರಿ, ನೀರಿನ ಬಾಟಲಿ ಕೊಡು ಎಂದು ಮಗಳಿಗೇ ಹೇಳಿದ. ಅವಳು ಕೊಟ್ಟಳು. ಅತ್ತೆ ಖಾಲಿ ಲೋಟ ಹಿಡಿದು ಬಿಳಿ ಕುದುರೆಯ ಮೇಲೆ ಹಾಗೇ ಕೂತು ಕೇಳಿಸಿಕೊಂಡಳು. ಬಹಳ ಹೊತ್ತಿನವರೆಗೂ ಅವಳನ್ನು ಯಾರೂ ಕರೆಯಲಿಲ್ಲ.